ಹಾಲಿನ ಮಾನಕವೂ ಸರ್ಕಾರದ ಬೊಕ್ಕಸವೂ



ಚೆನ್ನೈ ನಗರದ ಉತ್ತರದ ಅಂಚಿನಲ್ಲಿ, ಕಲ್ಕತ್ತೆಯ ದಿಕ್ಕಿಗೆ ಸಾಗುವ ಹೆದ್ದಾರಿಯ ಮಗ್ಗುಲಿಗೆ, ಮಾಧವರಂ ಎಂಬ ಊರುಂಟು. 2011ರಲ್ಲಿ ಮಹಾನಗರಪಾಲಿಕೆಯ ಎಲ್ಲೆಯೊಳಗೆ ಸೇರಿಹೋದ ಈ ಊರಿನ ಒಂದು ಭಾಗವನ್ನು ಜನ ಇಂದಿಗೂ ಹಾಲಿನ ಕಾಲೊನಿಯೆಂದೇ ಕರೆಯುತ್ತಾರೆ. ತಮಿಳುನಾಡು ಪಶುವೈದ್ಯ ಹಾಗೂ ಪಶುವಿಜ್ಞಾನಗಳ ವಿಶ್ವವಿದ್ಯಾನಿಲಯದ ಕೇಂದ್ರಾಲಯವೂ ಆವಿನ್ ಸಹಕಾರಿ ಸಂಸ್ಥೆಯ ಡೈರಿಯೂ ಇರುವುದು ಅಲ್ಲಿಯೇ. ಚೆನ್ನೈಯಲ್ಲಿ ತಲೆಮಾರುಗಳಿಂದ ನೆಲಸಿರುವ ಕನ್ನಡ ಕುಟುಂಬಗಳು ಬೆಳಗಿನ ಕಾಫಿಗೆ ಕಾಯಿಸುವ ಹಾಲಿನ ಪೊಟ್ಟಣದ ಮೇಲೆ ಜಿಡ್ಡಿನಂಶ ಇಷ್ಟು, ಜಿಡ್ಡೇತರ ಘನಾಂಶ ಇಷ್ಟು ಎಂದು ಅಚ್ಚಾಗಿರುವ ಎರಡು ಸಣ್ಣ ಅಂಕಿಗಳ ಹಿಂದೆ ನೂರು ವರ್ಷಗಳಿಗೂ ಮಿಕ್ಕ ಒಂದು ಚರಿತ್ರೆ ಇದೆ. ಆ ಅಂಕಿಗಳನ್ನು ನಿರ್ಣಯಿಸಿದವರು ಯಾರು, ಅವುಗಳನ್ನು ಅಳೆಯುವ ವೆಚ್ಚವನ್ನು ಹೊತ್ತವರು ಯಾರು, ಹೊರಬೇಕಾದವರು ಹೊರದೆ ಹೋದಾಗ ಅದರ ಭಾರ ಯಾರ ಹೆಗಲಿಗೆ ಬಿದ್ದಿತು ಎಂಬುದನ್ನು ಈ ಹೊತ್ತು ತಮ್ಮ ಮುಂದಿಡಬೇಕೆಂದಿದ್ದೇನೆ.

ಹಾಲನ್ನು ಬರಿಯ ಅಳತೆಯ ಲೆಕ್ಕದಲ್ಲಿ, ಎಂದರೆ ಪಾವು ಸೇರುಗಳ ಲೆಕ್ಕದಲ್ಲಿ, ಕೊಂಡು ಮಾರುತ್ತಿದ್ದ ಕಾಲದಲ್ಲಿ ನಷ್ಟವಾಗುತ್ತಿದ್ದುದು ಪ್ರಾಮಾಣಿಕನಿಗೆ. ನೀರು ಬೆರೆಸಿದವನಿಗೂ ಬೆರೆಸದವನಿಗೂ ಒಂದೇ ದರ ದೊರೆಯುವಾಗ, ಹಸುವಿಗೆ ಹಿಂಡಿ ಬೂಸಗಳನ್ನಿಟ್ಟು ಗಟ್ಟಿ ಹಾಲು ಕರೆದವನ ಶ್ರಮಕ್ಕೆ ಪೇಟೆಯಲ್ಲಿ ಬೆಲೆಯೇ ಇಲ್ಲದಂತಾಗುವುದು. ಈ ಅನ್ಯಾಯ ನಮ್ಮ ದೇಶಕ್ಕೆ ಮಾತ್ರ ಸೀಮಿತವಾಗಿರಲಿಲ್ಲ. ಅಮೆರಿಕದ ವಿಸ್ಕಾನ್ಸಿನ್ ಪ್ರಾಂತದ ಬೆಣ್ಣೆಯ ಕಾರ್ಖಾನೆಗಳಲ್ಲಿಯೂ ಇದೇ ಜಗಳ ನಡೆಯುತ್ತಿರಲಾಗಿ, ಅಲ್ಲಿನ ಸರ್ಕಾರಿ ವಿಶ್ವವಿದ್ಯಾನಿಲಯದಲ್ಲಿ ಸಂಬಳ ಪಡೆಯುತ್ತಿದ್ದ ಸ್ಟೀಫನ್ ಬ್ಯಾಬ್‌ಕಾಕ್ ಎಂಬ ರಸಾಯನಶಾಸ್ತ್ರಜ್ಞರು 1890ರಲ್ಲಿ ಹಾಲಿನ ಜಿಡ್ಡನ್ನು ಆಮ್ಲದ ಸಹಾಯದಿಂದ ಬೇರ್ಪಡಿಸಿ ಅಳೆಯುವ ಸುಲಭೋಪಾಯವೊಂದನ್ನು ಕಂಡುಹಿಡಿದು, ಅದರ ಮೇಲೆ ಪೇಟೆಂಟ್ ಪಡೆಯದೆ ಲೋಕಕ್ಕೆ ಬಿಟ್ಟುಕೊಟ್ಟರು. ತಮ್ಮ ಜೀವನ ನಡೆದದ್ದು ಸಾರ್ವಜನಿಕರ ಹಣದಿಂದ, ಫಲವೂ ಸಾರ್ವಜನಿಕರದೇ ಎಂಬುದು ಅವರ ನಡತೆಯಿಂದಲೇ ವ್ಯಕ್ತವಾಗುತ್ತದೆ. ಸುಮಾರು ಅದೇ ವೇಳೆಗೆ ಸ್ವಿಟ್ಜರ್ಲೆಂಡಿನ ನಿಕ್ಲಾಸ್ ಗರ್ಬರ್ ರೂಪಿಸಿದ ಇನ್ನೊಂದು ವಿಧಾನವೇ ಮುಂದೆ ನಮ್ಮ ದೇಶದ ಹಳ್ಳಿಹಳ್ಳಿಗೂ ಬಂದಿತು.

ಮದರಾಸು ಪ್ರಾಂತದಲ್ಲಿ ಕಲಬೆರಕೆ ನಿಷೇಧದ ಶಾಸನ ಹುಟ್ಟಿದ್ದು 1918ರಲ್ಲಿ. ಆಹಾರದ ಮಾದರಿಗಳನ್ನು ಗಿಂಡಿಯ ಕಿಂಗ್ ಸಂಸ್ಥೆಯಲ್ಲಿ ಸರ್ಕಾರದ ವಿಶ್ಲೇಷಕರು ಪರೀಕ್ಷಿಸುತ್ತಿದ್ದರು. ಆ ಪ್ರಯೋಗಶಾಲೆಯ ಸೇವೆಯನ್ನು ಅಲ್ಲಗಳೆಯಲು ಯಾರಿಂದಲೂ ಆಗದು. ಆದರೂ ಒಂದು ಮಾತನ್ನು ಹೇಳದೆ ವಿಧಿಯಿಲ್ಲ. ರಾಜ್ಯವು ಹಣ ಕೊಟ್ಟದ್ದು ತಪ್ಪು ಹಿಡಿಯುವ ಕೈಗೆ. ಬೀದಿಬೀದಿ ಅಲೆದು ಹಾಲು ಮಾರುವ ಗೌಳಿಗನ ಬಳಿ, ತಾನು ಹೊತ್ತು ತಂದ ಹಾಲು ಶಾಸನದ ಮಟ್ಟವನ್ನು ಮುಟ್ಟುವುದೋ ಇಲ್ಲವೋ ಎಂದು ತಿಳಿಯಲು ಯಾವ ಸಾಧನವೂ ಇರಲಿಲ್ಲ. ಅದು ಅವನಿಗೆ ತಿಳಿಯುತ್ತಿದ್ದುದು ನ್ಯಾಯಸ್ಥಾನದ ಕಟಕಟೆಯಲ್ಲಿ.

ಕೆಳಗಿನವರಿಗೆ ಕಲಿಸುವ ಕಾರ್ಯ ಆರಂಭವಾದುದು ನಮ್ಮ ಬೆಂಗಳೂರಿನಲ್ಲಿ ಎಂಬುದನ್ನು ಕನ್ನಡಿಗರು ಮರೆಯಬಾರದು. 1923ರಲ್ಲಿ ಅಲ್ಲಿ ಸ್ಥಾಪಿತವಾದ ಪಶುಪಾಲನೆ ಮತ್ತು ಹೈನುಗಾರಿಕೆಯ ಸಂಸ್ಥೆ ಭಾರತ ಸರ್ಕಾರದ ಖರ್ಚಿನಲ್ಲಿ ನಡೆಯುತ್ತಿದ್ದಿತು. 1927ರಲ್ಲಿ ಆರೋಗ್ಯ ಸುಧಾರಣೆಗಾಗಿ ಬೆಂಗಳೂರಿನಲ್ಲಿ ತಂಗಿದ್ದ ಮಹಾತ್ಮಾ ಗಾಂಧಿಯವರು ಆ ಸಂಸ್ಥೆಗೆ ಹೋಗಿ, ಗೋಸಾಕಣೆಯ ವಿಷಯವನ್ನು ವಿದ್ಯಾರ್ಥಿಯ ಶ್ರದ್ಧೆಯಿಂದ ಕೇಳಿ ತಿಳಿದರು. ಮುಂದೆ ಗುಜರಾತಿನ ಆನಂದ್ ಊರಿನಲ್ಲಿ ಸಹಕಾರಿ ಚಳವಳಿಯನ್ನು ಕಟ್ಟಿದ ವರ್ಗೀಸ್ ಕುರಿಯನ್ನರೂ ಸರ್ಕಾರದ ವಿದ್ಯಾರ್ಥಿವೇತನದ ನಿಮಿತ್ತ ಅಲ್ಲಿಯೇ ಕೆಲವು ತಿಂಗಳು ತರಬೇತಿ ಹೊಂದಿದ್ದರು. ಸಂಸ್ಥೆಯ ಮುಖ್ಯಾಲಯ 1955ರಲ್ಲಿ ಕರ್ನಾಲಿಗೆ ಹೋದರೂ ಬೆಂಗಳೂರಿನ ಕೇಂದ್ರ ಉಳಿಯಿತು.

1937ರಲ್ಲಿ ಕೃಷಿ ಉತ್ಪನ್ನಗಳ ವರ್ಗೀಕರಣದ ಶಾಸನ ಬಂದು, ತುಪ್ಪದ ಡಬ್ಬಿಗಳ ಮೇಲೆ ಆಗ್‌ಮಾರ್ಕ್ ಮುದ್ರೆ ಕಾಣಿಸಿಕೊಂಡಿತು. 1947ರ ಜನವರಿಯಲ್ಲಿ, ಸ್ವಾತಂತ್ರ್ಯಕ್ಕೆ ಕೆಲವೇ ತಿಂಗಳು ಮುನ್ನ, ಭಾರತೀಯ ಮಾನಕ ಸಂಸ್ಥೆಯ ಉದಯವಾಯಿತು. ಡಾಕ್ಟರ್ ಲಾಲ್ ಚಂದ್ ವರ್ಮನ್ ಅದರ ಪ್ರಥಮ ನಿರ್ದೇಶಕರು. ಸರ್ಕಾರದ ಅನುದಾನ, ಸದಸ್ಯರ ಚಂದಾ, ಮಾನಕಪತ್ರಗಳ ಮಾರಾಟ ಇವುಗಳಿಂದ ಜೀವಿಸಿದ ಆ ಸಂಸ್ಥೆ ಮಾಡಿದ ಕೆಲಸಗಳಲ್ಲಿ ನನಗೆ ಬಹು ಮೆಚ್ಚಿಕೆಯಾದುದು ಮೇಲ್ನೋಟಕ್ಕೆ ತೀರ ಸಣ್ಣದು. ಐರೋಪ್ಯ ದೇಶಗಳಲ್ಲಿ ಪರೀಕ್ಷೆಗಳಿಗೆ 20 ಡಿಗ್ರಿಯ ಉಷ್ಣಮಾನವನ್ನು ಪ್ರಮಾಣವಾಗಿ ಹಿಡಿಯುವುದು ವಾಡಿಕೆ. ನಮ್ಮ ಸಂಸ್ಥೆಯಾದರೋ ಈ ಉಷ್ಣದೇಶದ ಹವೆಯನ್ನು ಪರ್ಯಾಲೋಚಿಸಿ 27 ಡಿಗ್ರಿಯನ್ನು ಪ್ರಮಾಣವೆಂದು ಅಂಗೀಕರಿಸಿತು. ಹಾಲಿನ ಸಾಂದ್ರತೆ ಅಳೆಯುವ, ಚಳಿನಾಡಿಗಾಗಿ ಗುರುತು ಮಾಡಿದ ಲ್ಯಾಕ್ಟೋಮೀಟರನ್ನು ಮದರಾಸಿನ ಬೇಸಗೆಯ ಹಾಲಿನಲ್ಲಿ ಮುಳುಗಿಸಿ, ತಿದ್ದುಪಡಿಯ ಲೆಕ್ಕ ಮಾಡದೆ ಓದಿದರೆ, ಶುದ್ಧವಾದ ಹಾಲೂ ನೀರು ಬೆರೆತಂತೆ ತೋರುತ್ತದೆ. ಏಕೆಂದರೆ ಬೆಚ್ಚಗಿನ ಹಾಲಿನ ಸಾಂದ್ರತೆ ಕಡಿಮೆ. ಅಂತಹ ಒಂದು ಅಂಕಿಯ ವ್ಯತ್ಯಾಸದಿಂದ ಬಡವನೊಬ್ಬ ಕಳ್ಳನೆನಿಸಿಕೊಳ್ಳಬಹುದಾಗಿದ್ದಿತು. ಹಾಲಿನ ಹೈಡ್ರೋಮೀಟರಿಗೆ ಐ.ಎಸ್. 1183, ಗರ್ಬರ್ ಪರೀಕ್ಷೆಯ ಗಾಜಿನ ಸಾಮಗ್ರಿಗೆ 1223, ಪರೀಕ್ಷಾಕ್ರಮಕ್ಕೆ 1224 ಎಂದು ಕ್ರಮಾಂಕ ಪಡೆದ ಆ ಪತ್ರಗಳನ್ನು ಓದುವವರು ವಿರಳ. ಅವುಗಳಿಂದ ಬದುಕಿದವರು ಅಸಂಖ್ಯಾತರು.

1954ರ ಆಹಾರ ಕಲಬೆರಕೆ ತಡೆ ಶಾಸನವು ಇಡೀ ದೇಶಕ್ಕೆ ಅನ್ವಯಿಸಿತು. ನಂತರದ ತಿದ್ದುಪಡಿಗಳು ಕನಿಷ್ಠ ಆರು ತಿಂಗಳ ಸೆರೆವಾಸವನ್ನು ವಿಧಿಸಿದುವು. ನಂಜು ಬೆರೆಸಿದ ದುರಾತ್ಮನಿಗೆ ಅದು ತಕ್ಕ ಶಿಕ್ಷೆಯೇ. ಆದರೆ ಬರಗಾಲದಲ್ಲಿ ಒಣಹುಲ್ಲು ಮೇದ ಬಡಕಲು ಹಸುವಿನ ಹಾಲು, ಹನಿ ನೀರು ಬೀಳದಿದ್ದರೂ, ಘನಾಂಶದಲ್ಲಿ ನಿಯಮಿತ ಮಟ್ಟಕ್ಕಿಂತ ಕೆಳಗಿಳಿಯುವುದುಂಟು. ಅಂತಹ ಹಾಲನ್ನು ಮಾರಿದವನೂ ಶಾಸನದ ಅಕ್ಷರಕ್ಕೆ ಕಲಬೆರಕೆಯ ಅಪರಾಧಿಯೇ ಆಗುತ್ತಿದ್ದನು. ಮನುಷ್ಯಪ್ರಯತ್ನಕ್ಕೆ ಮೀರಿದ ನೈಸರ್ಗಿಕ ಕಾರಣದಿಂದಲೇ ಗುಣ ಕುಗ್ಗಿದ್ದರೆ ಅದನ್ನು ಕಲಬೆರಕೆಯೆಂದು ಎಣಿಸಲಾಗದು ಎಂಬ ಉಪವಾಕ್ಯ ಸೇರಿದುದು 1976ರಲ್ಲಿ. ಅಷ್ಟರಲ್ಲಿ ಇಪ್ಪತ್ತೆರಡು ವರ್ಷಗಳು ಕಳೆದಿದ್ದುವು. ತುಪ್ಪದ ವಿಷಯದಲ್ಲಿ ಮಾತ್ರ, ಹತ್ತಿಬೀಜ ಮೇಯುವ ದನಗಳ ತುಪ್ಪದ ಗುಣವೇ ಬೇರೆಯೆಂಬುದನ್ನು ಮನಗಂಡು, ಹತ್ತಿ ಬೆಳೆಯುವ ಸೀಮೆಗಳಿಗೆ ಬೇರೆಯ ಕನಿಷ್ಠಾಂಕವನ್ನು ನಿಯಮಿಸಿದ್ದರು. ಹೊಲಕ್ಕೂ ಕೊಟ್ಟಿಗೆಗೂ ಹೋಗಿ ಅಳೆದು ನೋಡಲು ಸರ್ಕಾರವು ವಿಜ್ಞಾನಿಗಳಿಗೆ ಹಣ ಕೊಟ್ಟಲ್ಲಿ ನಿಯಮಕ್ಕೆ ಇಂತಹ ವಿವೇಕ ಬರುತ್ತದೆ.

ಇನ್ನು ಮಾಧವರಕ್ಕೆ ಬರೋಣ. ಮುಂಬಯಿಯ ಓಣಿಗಳ ಎಮ್ಮೆಗಳನ್ನು ನಗರದಾಚೆಗೆ ಸಾಗಿಸಲು 1949ರಲ್ಲಿ ಆರೇ ಕಾಲೊನಿ ಸ್ಥಾಪಿತವಾದ ಮೇಲೆ, ಅದೇ ಮೇಲ್ಪಂಕ್ತಿಯನ್ನು ಅನುಸರಿಸಿ ಮದರಾಸು ಸರ್ಕಾರವೂ ತನ್ನ ಹಾಲಿನ ಕಾಲೊನಿಯನ್ನು ಮಾಧವರದಲ್ಲಿ ಕಟ್ಟಿತು. 1958ರಲ್ಲಿ ಹೈನು ಅಭಿವೃದ್ಧಿಗೆಂದೇ ಇಲಾಖೆಯೊಂದು ಹುಟ್ಟಿತು. ಅರವತ್ತರ ದಶಕದಲ್ಲಿ ಮಾಧವರದ ಡೈರಿ ಹಾಲನ್ನು ಕಾಯಿಸಿ ತಂಪುಗೊಳಿಸಿ ನಗರಕ್ಕೆ ಹಂಚತೊಡಗಿತು. 1970ರಲ್ಲಿ ಕ್ಷೀರಪ್ರವಾಹ (ಆಪರೇಷನ್ ಫ್ಲಡ್) ಯೋಜನೆ ಆರಂಭವಾದಾಗ ಮುಂಬಯಿ, ದಿಲ್ಲಿ, ಕಲ್ಕತ್ತೆಗಳೊಡನೆ ಮದರಾಸು ಅದರ ನಾಲ್ಕನೆಯ ಮಹಾನಗರವಾಯಿತು. ಐರೋಪ್ಯ ಸಮುದಾಯವು ವಿಶ್ವ ಆಹಾರ ಕಾರ್ಯಕ್ರಮದ ಮೂಲಕ ದಾನವಾಗಿ ಕಳುಹಿಸಿದ ಹಾಲಿನ ಪುಡಿ ಮತ್ತು ಬೆಣ್ಣೆಯೆಣ್ಣೆಗಳನ್ನು ಹಾಲಾಗಿಸಿ ಮಾರಿ ಬಂದ ಹಣವು ಡೈರಿಗಳಿಗೂ ಸಾಗಾಣಿಕೆಗೂ ಹಳ್ಳಿಯ ಸಂಘಗಳಿಗೂ ಹರಿಯಿತು. ಇಲಾಖೆಯ ವ್ಯಾಪಾರಕಾರ್ಯ 1972ರಲ್ಲಿ ನಿಗಮಕ್ಕೂ, 1981ರಲ್ಲಿ ಉತ್ಪಾದಕರ ಸಹಕಾರ ಮಹಾಮಂಡಲಕ್ಕೂ ವರ್ಗವಾಯಿತು. ಕರ್ನಾಟಕದಲ್ಲಿ 1955ರಲ್ಲಿಯೇ ಕೊಡಗಿನ ಕೂಡಿಗೆಯಲ್ಲಿ ಮೊಳೆತಿದ್ದ ಸಹಕಾರಿ ಹೈನುಗಾರಿಕೆ ವಿಶ್ವಬ್ಯಾಂಕಿನ ನೆರವಿನಿಂದ 1974ರ ನಂತರ ವಿಸ್ತಾರಗೊಂಡು, 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಲವೆನಿಸಿತು.

ಈ ದೊಡ್ಡ ಯೋಜನೆಯಲ್ಲಿ ಕಟ್ಟಡಗಳ ಮೇಲೂ ಉಕ್ಕಿನ ಕೊಳವೆಗಳ ಮೇಲೂ ಆದ ವೆಚ್ಚವನ್ನು ಎಲ್ಲರೂ ಕೊಂಡಾಡುತ್ತಾರೆ. ನನ್ನ ಗಮನ ಹೋಗುವುದು ಸಂಘದ ಮೇಜಿನ ಮೇಲಣ ಒಂದು ಗಾಜಿನ ನಳಿಕೆಯ ಕಡೆಗೆ. ಬ್ಯುಟಿರೋಮೀಟರ್ ಎಂಬ ಆ ನಳಿಕೆಯೊಳಗೆ ಹತ್ತು ಮಿಲಿಲೀಟರ್ ಗಂಧಕಾಮ್ಲವನ್ನು ಮೊದಲು ಹಾಕಬೇಕು, ಅನಂತರ 10.75 ಮಿಲಿಲೀಟರ್ ಹಾಲನ್ನು ಆಮ್ಲದೊಡನೆ ಒಮ್ಮೆಲೇ ಬೆರೆಯದಂತೆ ಗೋಡೆಗುಂಟ ಇಳಿಯಬಿಡಬೇಕು. ಒಂದು ಮಿಲಿಲೀಟರ್ ಅಮೈಲ್ ಆಲ್ಕೊಹಾಲ್ ಸೇರಿಸಿ ಬಿರಡೆ ಬಿಗಿದು ಕುಲುಕಿದರೆ, ನಳಿಕೆ ಕೈಯಲ್ಲಿ ಹಿಡಿಯಲಾರದಷ್ಟು ಕಾಯುತ್ತದೆ, ಒಳಗಿನ ದ್ರವ ಕಂದುಬಣ್ಣಕ್ಕೆ ತಿರುಗುತ್ತದೆ. ಯಂತ್ರದಲ್ಲಿಟ್ಟು ಕೆಲವು ನಿಮಿಷ ತಿರುಗಿಸಿ ಹೊರತೆಗೆದಾಗ ಜಿಡ್ಡು ಹೊಂಬಣ್ಣದ ಕಂಬವಾಗಿ ಮೇಲೆ ನಿಂತಿರುತ್ತದೆ. ಅದರ ಬುಡಕ್ಕೂ ತುದಿಗೂ ನಡುವಣ ಗೆರೆಗಳನ್ನು ಎಣಿಸಿದರೆ ಶೇಕಡಾವಾರು ಸಿಕ್ಕಿತು. ಒಂದೂವರೆ ಲೀಟರು ಹಾಲು ತಂದ ಹೆಂಗಸಿಗೂ ಊರಿನ ಗೌಡನ ಮನೆಯ ಕ್ಯಾನಿಗೂ ಒಂದೇ ನಳಿಕೆ, ಒಂದೇ ಗೆರೆ. ಜಾತಿ, ದಾಕ್ಷಿಣ್ಯ, ಸಾಲದ ಹಂಗು ಇವುಗಳಿಗೆ ಆ ಲೆಕ್ಕದಲ್ಲಿ ಎಡೆಯಿರಲಿಲ್ಲ. ಮೊದಲು ದಲ್ಲಾಳಿಯ ಬಾಯಿಮಾತೇ ದರವಾಗಿದ್ದ ಊರುಗಳಲ್ಲಿ, ವಾರದ ಬಟವಾಡೆಯ ದಿನ ತನ್ನ ಪುಸ್ತಕದಲ್ಲಿ ಬರೆದ ಫ್ಯಾಟಿನ ಅಂಕಿಯನ್ನು ತೋರಿಸಿ ಹಣ ಕೇಳುವ ಧೈರ್ಯ ಅವಳಿಗೆ ಬಂದುದು ಹೀಗೆ.

ಕೇವಲ ಜಿಡ್ಡಿಗೆ ಬೆಲೆ ಕಟ್ಟಿದಾಗ ಎಮ್ಮೆಯುಳ್ಳವರಿಗೆ ಲಾಭವೂ ಹಸುವುಳ್ಳವರಿಗೆ ನಷ್ಟವೂ ಆಗುತ್ತಿದ್ದಿತು. ಜಿಡ್ಡಿನೊಡನೆ ಇತರ ಘನಾಂಶಕ್ಕೂ ಬೆಲೆ ಕೊಡುವ ದ್ವಿಮುಖ ದರಪದ್ಧತಿ ಬಂದ ಮೇಲೆ ಈ ತಾರತಮ್ಯ ಬಹುಮಟ್ಟಿಗೆ ಸರಿಹೋಯಿತು; ನಮ್ಮ ಹಳ್ಳಿಗರು ಇಂದು ಫ್ಯಾಟು, (ಲ್ಯಾಕ್ಟೋಮೀಟರಿನ) ಡಿಗ್ರಿ ಎಂದು ಜೋಡಿಯಾಗಿ ಆಡುವ ಮಾತಿನ ಮೂಲ ಇದೇ. ಮಿಶ್ರತಳಿಯ ಹಸುಗಳನ್ನೇ ನೆಚ್ಚಿದ ಕೋಲಾರ, ಮಂಡ್ಯ, ಹಾಸನದ ಕುಟುಂಬಗಳಿಗೆ ಇದರಿಂದ ಆದ ಉಪಕಾರ ಅಲ್ಪವಲ್ಲ.

ಜಿಡ್ಡು, ಘನಾಂಶಗಳ ಅನಂತರ ಮೂರನೆಯ ಪರೀಕ್ಷೆ ಸೂಕ್ಷ್ಮಜೀವಿಗಳದು. ಹಾಲಿಗೆ ಮಿಥಿಲೀನ್ ನೀಲಿಯನ್ನು ಬೆರೆಸಿ ಬೆಚ್ಚಗಿಟ್ಟರೆ, ಒಳ್ಳೆಯ ಹಾಲಿನಲ್ಲಿ ಆ ನೀಲಿ ಐದು ಗಂಟೆಗೂ ಮಿಕ್ಕು ನಿಲ್ಲುತ್ತದೆ. ಕೆಟ್ಟದ್ದರಲ್ಲಿ ಅರ್ಧ ಗಂಟೆಯೊಳಗೆ ಮಾಯವಾಗುತ್ತದೆ. ಇಲ್ಲಿ ಮಟ್ಟವನ್ನು ಮುಟ್ಟುವುದು ಹಾಲು ಕರೆಯುವವಳೊಬ್ಬಳ ಶ್ರದ್ಧೆಯಿಂದ ಮಾತ್ರ ಆಗದ ಕೆಲಸ. ಶುದ್ಧ ಜಲ, ತುಕ್ಕು ಹಿಡಿಯದ ಪಾತ್ರೆ, ಸಂಘದಲ್ಲಿ ಶೀತಲಯಂತ್ರ, ಆ ಯಂತ್ರಕ್ಕೆ ವಿದ್ಯುತ್ತು, ಇಷ್ಟೂ ಬೇಕು. ಇದನ್ನರಿತು ಕೇಂದ್ರ ಸರ್ಕಾರವು 2003ರಲ್ಲಿ ಶುದ್ಧ ಹಾಲಿನ ಉತ್ಪಾದನೆಗೆಂದು ಒಂದು ಯೋಜನೆಯನ್ನು ರೂಪಿಸಿ, ತರಬೇತಿ, ಪಾತ್ರೆ, ಪ್ರಯೋಗಶಾಲೆ, ಹಳ್ಳಿಯ ಶೀತಲಘಟಕಗಳಿಗೆ ಅನುದಾನವನ್ನಿತ್ತಿತು; 2014ರಲ್ಲಿ ಅದು ರಾಷ್ಟ್ರೀಯ ಹೈನು ಅಭಿವೃದ್ಧಿ ಕಾರ್ಯಕ್ರಮದೊಳಗೆ ಸೇರಿತು. 2011ರಲ್ಲಿ ಜಾರಿಗೆ ಬಂದ ಆಹಾರ ಸುರಕ್ಷತೆಯ ಶಾಸನ, ಹಳೆಯ ಕಲಬೆರಕೆ ಶಾಸನವನ್ನು ತೆಗೆದುಹಾಕಿ, ಮಟ್ಟ ಕುಗ್ಗಿದ ಮಾತ್ರಕ್ಕೆ ಸೆರೆಮನೆಯ ಬದಲು ದಂಡವನ್ನು ನಿಯಮಿಸಿತು. ರೈತನನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಅರ್ಧ ಶತಮಾನದ ಹಿಂದೆಯೇ ಆಗಬೇಕಾಗಿದ್ದ ಕೆಲಸವೆಂದು ನಾನು ಭಾವಿಸುತ್ತೇನೆ.

ಈಚಿನ ವರ್ಷಗಳಲ್ಲಿ ರಾಜ್ಯಗಳು ಪ್ರೋತ್ಸಾಹಧನದ ಕಡೆಗೆ ಒಲಿದಿವೆ. ಕರ್ನಾಟಕವು 2008ರಲ್ಲಿ ಲೀಟರಿಗೆ ಎರಡು ರೂಪಾಯಿಯಂತೆ ಆರಂಭಿಸಿ, 2013ರಲ್ಲಿ ನಾಲ್ಕಕ್ಕೂ 2016ರಲ್ಲಿ ಐದಕ್ಕೂ ಏರಿಸಿತು. ತಮಿಳುನಾಡು 2023ರ ಡಿಸೆಂಬರಿನಿಂದ ಮೂರು ರೂಪಾಯಿ ಕೊಡತೊಡಗಿತು. ಮನೆಯ ಖರ್ಚಿಗೆ ಅದು ನಿಜವಾದ ಆಸರೆ. ಅದನ್ನು ಕಡಿಮೆ ಮಾಡಬೇಕೆಂದು ನಾನು ಹೇಳುವವನಲ್ಲ. ಆದರೆ ಈ ಲೀಟರಿನ ಹಣದ ಪಕ್ಕದಲ್ಲಿಯೇ, ಲೀಟರಿನ ಗುಣವನ್ನು ನಿರ್ಣಯಿಸುವ ಮೇಜಿಗೆ ಸಲ್ಲುವ ಹಣವನ್ನೂ ಲೆಕ್ಕ ಹಾಕಿ ನೋಡಬೇಕು. ಇಂದು ಅನೇಕ ಸಂಘಗಳಲ್ಲಿ ಆಮ್ಲದ ನಳಿಕೆಯ ಸ್ಥಾನದಲ್ಲಿ ವಿದ್ಯುನ್ಮಾನ ಯಂತ್ರ ಕುಳಿತಿದೆ. ನಿಮಿಷದೊಳಗೆ ಅಂಕಿ ಮೂಡುತ್ತದೆ, ಚೀಟಿ ಹೊರಬರುತ್ತದೆ. ಅದರ ಅಂಕಿ ಸತ್ಯವೋ ಎಂಬುದನ್ನು ಮಾತ್ರ ಕಾಲಕಾಲಕ್ಕೆ ಹಳೆಯ ಗರ್ಬರ್ ನಳಿಕೆಯೊಡನೆ ಹೋಲಿಸಿ ನೋಡಬೇಕಾಗುತ್ತದೆ. ಆ ಹೋಲಿಕೆ ತಪ್ಪಿ, ಜಿಡ್ಡು ದಶಮಾಂಶದ ಒಂದಂಕಿ ಕೆಳಗೆ ತೋರಿದರೆ, ನಷ್ಟ ಪ್ರತಿ ಹೊತ್ತಿನ ಹಾಲಿಗೂ ಸುತ್ತಿಕೊಳ್ಳುತ್ತದೆ, ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಈ ಪರೀಕ್ಷೆಯನ್ನು ನಡೆಸುವವರೂ ಕೆಲಸಗಾರರೇ. ಸೂರ್ಯೋದಯಕ್ಕೆ ಮುಂಚೆಯೇ ಬಾಗಿಲು ತೆರೆಯುವ ಹಾಲು ಪರೀಕ್ಷಕನು ಸಂಜೆ ಮತ್ತೆ ಬರಬೇಕು, ಹಬ್ಬದ ದಿನವೂ ಬರಬೇಕು. ಎಷ್ಟೋ ಹಳ್ಳಿಗಳಲ್ಲಿ ಅವನಿಗೆ ಸಲ್ಲುವುದು ಸಂಘದ ಲಾಭವನ್ನು ಅವಲಂಬಿಸಿದ ಅಲ್ಪ ಸಂಭಾವನೆ. ಮಾನಕಗಳಿಗೆಂದು ಸರ್ಕಾರ ಮುಡಿಪಿಡುವ ಅನುದಾನದಲ್ಲಿ ಈ ಪರೀಕ್ಷಕನ ವೇತನವೂ, ಅವನ ಕೈಗವುಸೂ, ಯಂತ್ರವನ್ನು ವರ್ಷಕ್ಕೆ ಇಷ್ಟು ಸಲವೆಂದು ಸರಿನೋಡುವ ಸಂಚಾರಿ ತಂತ್ರಜ್ಞನ ವೆಚ್ಚವೂ ಸ್ಪಷ್ಟವಾಗಿ ನಮೂದಾಗಬೇಕು. ತನ್ನ ಹಾಲಿನ ಅಂಕಿಯನ್ನು ಒಪ್ಪದ ಸದಸ್ಯೆ ಅಲ್ಲಿಯೇ, ತನ್ನ ಕಣ್ಣೆದುರಿಗೆ, ನಳಿಕೆಯಲ್ಲಿ ಮರುಪರೀಕ್ಷೆ ಮಾಡಿಸಿ ನೋಡುವ ಹಕ್ಕು ಪ್ರತಿಯೊಂದು ಸಂಘದ ಗೋಡೆಯ ಮೇಲೂ ಅವಳು ಓದಬಲ್ಲ ಭಾಷೆಯಲ್ಲಿ ಬರೆದಿರಬೇಕು. ಆ ಬರಹದ ಕೆಳಗೆ ಬೇಕಾಗುವ ಗಂಧಕಾಮ್ಲದ ಬಾಟಲಿಗೆ ಹಣ ಎಲ್ಲಿಂದ ಬರತಕ್ಕದ್ದೆಂಬುದನ್ನು ಮುಂದಿನ ಆಯವ್ಯಯಪತ್ರ ಬರೆಯುವವರು ಬೆಂಗಳೂರಿನಲ್ಲಿಯೂ ಚೆನ್ನೈಯಲ್ಲಿಯೂ ಈಗಲೇ ನಿಶ್ಚಯಿಸಬಹುದು.