ಹುಣಸೂರಿನ ಕವಲಿನಲ್ಲಿ ಒಬ್ಬ ಸುಳ್ಳುಗಾರ

ಒಗಟು ನಮಗೆ ಹೊಸತಲ್ಲ. ಕಳೆ ಕೀಳುವ ಹೆಂಗಸರು, ಮದುವೆಮನೆಯ ಬೀಗಿತ್ತಿಯರು, ರಾತ್ರಿ ಜಗಲಿಯ ಮೇಲೆ ಮೊಮ್ಮಕ್ಕಳನ್ನು ಕೂರಿಸಿಕೊಂಡ ಅಜ್ಜಿಯರು ಎಲ್ಲರೂ ಒಗಟು ಹಾಕುತ್ತಾರೆ, ಒಡೆಯುತ್ತಾರೆ. ಆದರೆ ಅವು ರೂಪಕದ ಒಗಟುಗಳು. ಬಿಡಿಸುವುದಕ್ಕೆ ಕವಿಯ ಕಣ್ಣು ಬೇಕು. ಇಂದು ನಾನು ಹೇಳಹೊರಟಿರುವುದು ಬೇರೊಂದು ಜಾತಿಯ ಒಗಟು. ಅದರಲ್ಲಿ ರೂಪಕವಿಲ್ಲ, ಶ್ಲೇಷೆಯಿಲ್ಲ. ಒಂದು ಊರು, ಅದರಲ್ಲಿ ಎರಡು ಬಗೆಯ ಜನ. ಒಂದು ಬಗೆಯವರು ಸದಾ ನಿಜವನ್ನೇ ಹೇಳುವವರು, ಇನ್ನೊಂದು ಬಗೆಯವರು ಸದಾ ಸುಳ್ಳನ್ನೇ ಹೇಳುವವರು. ಯಾರು ಯಾವ ಬಗೆ ಎಂದು ಮುಖ ನೋಡಿ ತಿಳಿಯದು, ಮಾತಿನಿಂದಲೇ ತಿಳಿಯಬೇಕು.

ಮೂವತ್ತಕ್ಕೂ ಹೆಚ್ಚು ವರ್ಷ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ತಾಲ್ಲೂಕುಗಳ ಶಾಲೆಗಳಲ್ಲಿ ಗಣಿತ ಕಲಿಸಿದವನು ನಾನು. ಶನಿವಾರದ ಕಡೆಯ ಪೀರಿಯಡ್ಡಿನಲ್ಲಿ ಹುಡುಗರ ಮನಸ್ಸು ಆಗಲೇ ಬಸ್ಸು ಹತ್ತಿರುತ್ತದೆ. ಆ ಹೊತ್ತಿನಲ್ಲಿ ಅವರನ್ನು ಹಿಡಿದಿಡಬಲ್ಲದ್ದು ಈ ಒಗಟೊಂದೇ.

ಮೈಸೂರಿನಿಂದ ಹೊರಟ ಅಪರಿಚಿತನೊಬ್ಬ ಹುಣಸೂರಿಗೆ ಬಂದು ನಿಂತಿದ್ದಾನೆ ಎನ್ನಿ. ಲಕ್ಷ್ಮಣತೀರ್ಥದ ದಡದ ಈ ಊರು ನಮ್ಮ ನಾಲ್ಕು ತಾಲ್ಲೂಕುಗಳಿಗೂ ಕೂಡುದಾಣ. ಇಲ್ಲಿಂದ ಒಂದು ರಸ್ತೆ ಪಿರಿಯಾಪಟ್ಟಣಕ್ಕೆ, ಒಂದು ಕೃಷ್ಣರಾಜನಗರಕ್ಕೆ, ಒಂದು ಕೋಟೆಗೆ. ಬಂದವನಿಗೆ ಕೋಟೆಗೆ ಹೋಗಬೇಕು. ಎದುರಿಗೆ ಎರಡು ದಾರಿ. ಕವಲಿನಲ್ಲಿ ಒಬ್ಬನು ಬೀಡಿ ಸೇದುತ್ತ ನಿಂತಿದ್ದಾನೆ. ಅವನು ನಿಜಗಾರನೋ ಸುಳ್ಳುಗಾರನೋ ಗೊತ್ತಿಲ್ಲ. ಕೇಳಬಹುದಾದ ಪ್ರಶ್ನೆ ಒಂದೇ, ಉತ್ತರ ಹೌದು ಅಥವಾ ಅಲ್ಲ. ಏನು ಕೇಳಬೇಕು?

'ಇದು ಕೋಟೆಯ ದಾರಿಯೆ?' ಎಂದರೆ ಪ್ರಯೋಜನವಿಲ್ಲ. 'ನೀನು ನಿಜಗಾರನೆ?' ಎಂದರೆ ಇಬ್ಬರೂ ಹೌದೆನ್ನುತ್ತಾರೆ. ಕೇಳಬೇಕಾದದ್ದು ಹೀಗೆ: 'ಇದು ಕೋಟೆಯ ದಾರಿಯೆ ಎಂದು ನಾನು ಕೇಳಿದ್ದರೆ ನೀನು ಹೌದು ಎನ್ನುತ್ತಿದ್ದೆಯಾ?' ದಾರಿ ಸರಿಯಾದದ್ದಾದರೆ ನಿಜಗಾರ ಹೌದೆನ್ನುತ್ತಾನೆ, ಸರಿ. ಸುಳ್ಳುಗಾರ? ನೇರವಾಗಿ ಕೇಳಿದ್ದರೆ ಅವನು ಅಲ್ಲ ಎನ್ನುತ್ತಿದ್ದ. ಈಗ ತಾನು ಏನೆನ್ನುತ್ತಿದ್ದೆ ಎಂಬುದರ ಬಗೆಗೂ ಅವನು ಸುಳ್ಳು ಹೇಳಲೇಬೇಕು. ಆದುದರಿಂದ ಹೌದು ಎನ್ನುತ್ತಾನೆ. ಒಂದು ಸುಳ್ಳನ್ನು ಇನ್ನೊಂದು ಸುಳ್ಳು ನುಂಗಿತು, ನಿಜ ಹೊರಬಿತ್ತು. ದಾರಿ ತಪ್ಪಾದರೆ, ಅದೇ ಬಗೆಯಲ್ಲಿ, ಇಬ್ಬರೂ ಅಲ್ಲ ಎನ್ನುತ್ತಾರೆ. ಇಷ್ಟಾದರೂ ಆತ ಯಾವ ಬಗೆಯವನೆಂದು ನಮಗೆ ತಿಳಿಯುವುದಿಲ್ಲ. ತಿಳಿಯಬೇಕಾಗಿಯೂ ಇಲ್ಲ, ಬಸ್ಸು ಸಿಕ್ಕರೆ ಸಾಕು.

ಇಲ್ಲಿ ಸಾಹಿತ್ಯದ ವಿದ್ಯಾರ್ಥಿಗಳು ಒಂದು ಆಕ್ಷೇಪವೆತ್ತಬಹುದು. ನಾವು ರಾಘವಾಂಕನ ಹರಿಶ್ಚಂದ್ರನನ್ನು ಬಲ್ಲವರು, ಪುಣ್ಯಕೋಟಿಯ ಕಥೆಗೆ ಕಣ್ಣೀರಿಟ್ಟವರು. ಅವರ ಮುಂದೆ ಈ ಒಗಟಿನ ನಿಜಗಾರ ಯಾವ ಲೆಕ್ಕ? ಯಾವ ಲೆಕ್ಕವೂ ಅಲ್ಲ ಎಂದೇ ನನ್ನ ಉತ್ತರ. ಹರಿಶ್ಚಂದ್ರ ಒಂದು ಸುಳ್ಳಾಡಿ ಪಾರಾಗಬಹುದಾಗಿತ್ತು, ಆಡಲಿಲ್ಲ. ಪುಣ್ಯಕೋಟಿ ಹಟ್ಟಿಯಲ್ಲೇ ಉಳಿಯಬಹುದಾಗಿತ್ತು, ಉಳಿಯಲಿಲ್ಲ. ಒಗಟಿನ ನಿಜಗಾರನಿಗೆ ಆ ಆಯ್ಕೆಯೇ ಇಲ್ಲ. ಗಡಿಯಾರ ಗಂಟೆ ಹೊಡೆದ ಹಾಗೆ ಅವನು ನಿಜ ಹೇಳುತ್ತಾನೆ. ಪಾಪ, ಸುಳ್ಳುಗಾರನೂ ಹಾಗೆಯೇ.

ಈ ಒಗಟುಗಳನ್ನು ಲೋಕಪ್ರಿಯಗೊಳಿಸಿದವನು ಅಮೆರಿಕದ ರೇಮಂಡ್ ಸ್ಮಲ್ಯನ್. ೧೯೧೯ರಲ್ಲಿ ಹುಟ್ಟಿ ೨೦೧೭ರವರೆಗೆ ಬಾಳಿದ ಈತ ತರ್ಕಶಾಸ್ತ್ರಜ್ಞ, ಪಿಯಾನೋ ವಾದಕ, ಜಾದೂಗಾರ. ೧೯೭೮ರಲ್ಲಿ ಬಂದ ಆತನ ಪುಸ್ತಕದ ಹೆಸರೇ 'ಈ ಪುಸ್ತಕದ ಹೆಸರೇನು?' ಎಂದು. ಅದರಲ್ಲಿ ಆತ ತನ್ನ ಬಾಲ್ಯದ ಒಂದು ಸಂಗತಿ ಹೇಳುತ್ತಾನೆ. ೧೯೨೫ರ ಏಪ್ರಿಲ್ ಒಂದು. ಅಣ್ಣ ಬೆಳಗ್ಗೆಯೇ ಬಂದು 'ಇವತ್ತು ನಿನ್ನನ್ನು ಹಿಂದೆಂದೂ ಇಲ್ಲದಷ್ಟು ಬೇಸ್ತು ಬೀಳಿಸುತ್ತೇನೆ' ಎಂದ. ಹುಡುಗ ದಿನವಿಡೀ ಕಾದ, ಏನೂ ಆಗಲಿಲ್ಲ. ರಾತ್ರಿ ಅಣ್ಣ ಹೇಳಿದನಂತೆ: 'ಬೇಸ್ತು ಬೀಳಿಸುವೆನೆಂದು ನೀನು ಕಾದೆ, ನಾನು ಬೀಳಿಸಲಿಲ್ಲ, ಬೇಸ್ತು ಬಿದ್ದೆಯಲ್ಲ!' ದೀಪ ಆರಿಸಿದ ಮೇಲೂ ಹುಡುಗ ತಾನು ಬೇಸ್ತು ಬಿದ್ದೆನೋ ಇಲ್ಲವೋ ಎಂದು ಯೋಚಿಸುತ್ತ ಮಲಗಿದ್ದನಂತೆ. ಒಬ್ಬ ತರ್ಕಶಾಸ್ತ್ರಜ್ಞ ಹುಟ್ಟುವುದಕ್ಕೆ ಅಷ್ಟು ಸಾಕಾಯಿತು.

ಈಗ ಇನ್ನೊಂದು ಒಗಟು. ರೇಡಿಯೋ ಕೇಳುವವರಿಗೆ ಕಾಗದ ಪೆನ್ಸಿಲು ಬೇಡದಂಥದು. ಹುಣಸೂರಿನ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ನಾಲ್ವರು ಕುಳಿತಿದ್ದಾರೆ. ಹುಣಸೂರಿನವನು ಹೇಳುತ್ತಾನೆ: 'ನಮ್ಮಲ್ಲಿ ಸುಳ್ಳುಗಾರ ಒಬ್ಬನೇ.' ಪಿರಿಯಾಪಟ್ಟಣದವನು: 'ಅಲ್ಲ, ಇಬ್ಬರು.' ಕೃಷ್ಣರಾಜನಗರದವನು: 'ಮೂವರು.' ಕೋಟೆಯವನು: 'ನಾಲ್ವರೂ.' ಈ ನಾಲ್ಕು ಮಾತುಗಳಲ್ಲಿ ಯಾವ ಎರಡೂ ಒಟ್ಟಿಗೆ ನಿಜವಾಗಲಾರವು. ಎಂದರೆ ಸುಳ್ಳುಗಾರರು ಮೂವರಾದರೂ ಇದ್ದಾರೆ. ನಾಲ್ವರೂ ಸುಳ್ಳುಗಾರರಾದರೆ ಕೋಟೆಯವನ ಮಾತು ನಿಜವಾಗಿ, ಸುಳ್ಳುಗಾರ ನಿಜ ನುಡಿದಂತಾಗುತ್ತದೆ. ಆದ್ದರಿಂದ ಸುಳ್ಳುಗಾರರು ಮೂವರು, ನಿಜ ಹೇಳಿದವನು ಕೃಷ್ಣರಾಜನಗರದವನು. ಎಡತೊರೆ ಎಂಬ ಹಳೆಯ ಹೆಸರಿನ ಮೇಲೆ ನನಗಿರುವ ಪಕ್ಷಪಾತ ಇದಕ್ಕೆ ಕಾರಣವಲ್ಲ. ತರ್ಕವೇ ಹಾಗೆ ಹೇಳುತ್ತದೆ. ಉಳಿದ ಮೂರು ಊರಿನವರು ಕ್ಷಮಿಸಬೇಕು.

ಇನ್ನೊಂದು ದಿನ ಅದೇ ಬೆಂಚಿನಲ್ಲಿ ಬೇರೆ ಮೂವರು ಕುಳಿತು 'ಒಬ್ಬ', 'ಇಬ್ಬರು', 'ಮೂವರು' ಎಂದರೆ ಎರಡನೆಯವನು ನಿಜಗಾರ. ಇಬ್ಬರೇ ಇದ್ದು 'ಒಬ್ಬ', 'ಇಬ್ಬರು' ಎಂದರೆ ಮೊದಲನೆಯವನು. ಕಡೆಗೊಂದು ಸಂಜೆ ಬೆಂಚಿನ ಮೇಲೆ ಒಬ್ಬನೇ ಕುಳಿತು 'ಇಲ್ಲಿರುವವರಲ್ಲಿ ಸುಳ್ಳುಗಾರ ಒಬ್ಬ' ಎಂದುಬಿಟ್ಟರೆ? ಎಂದರೆ 'ನಾನು ಸುಳ್ಳುಗಾರ' ಎಂದಂತಾಯಿತು. ನಿಜಗಾರ ಹಾಗೆನ್ನಲಾರ, ಅದು ಸುಳ್ಳಾಗುತ್ತದೆ. ಸುಳ್ಳುಗಾರನೂ ಎನ್ನಲಾರ, ಅದು ನಿಜವಾಗುತ್ತದೆ. ಈ ಊರಿನಲ್ಲಿ ಯಾರ ಬಾಯಿಂದಲೂ ಬರಲಾಗದ ಮಾತು ಅದೊಂದೇ. ನಾಲ್ವರಿದ್ದಾಗ ಸಲೀಸಾಗಿ ಓಡಿದ ತರ್ಕ ಒಬ್ಬನೇ ಉಳಿದಾಗ ಮುಗ್ಗರಿಸುತ್ತದೆ.

ಗ್ರೀಕರು ಇದನ್ನು ಕ್ರೀಟ್ ದ್ವೀಪದ ಎಪಿಮೆನಿಡೀಸನ ಹೆಸರಿಗೆ ಕಟ್ಟಿದರು. ಅಷ್ಟು ದೂರ ಹೋಗಬೇಕಾಗಿಲ್ಲ. 'ವಾಕ್ಯಪದೀಯ'ದ ಭರ್ತೃಹರಿ, 'ನಾನು ಆಡುವುದೆಲ್ಲ ಸುಳ್ಳು' ಎಂಬ ಅರ್ಥದ ಮಾತನ್ನೆತ್ತಿಕೊಂಡು, ಹಾಗೆನ್ನುವವನ ಆ ಮಾತು ತನ್ನನ್ನೇ ಕುರಿತದ್ದಾಗಲಾರದು ಎಂಬ ದಾರಿಯಲ್ಲಿ ಯೋಚಿಸಿದ್ದಾನೆ. ಹುಣಸೂರು ತಾಲ್ಲೂಕಿನಲ್ಲೇ ಗೊಮ್ಮಟಗಿರಿಯಿದೆ. ಅಲ್ಲಿನ ಬಂಡೆಯ ಮೇಲೆ ನಿಂತ ಬಾಹುಬಲಿಯನ್ನು ನೋಡಿದವರಿಗೆ ಜೈನರ ಸ್ಯಾದ್ವಾದದ ನೆನಪಾಗಬಹುದು. ಒಂದು ನೋಟದಿಂದ ಇದೆ, ಇನ್ನೊಂದರಿಂದ ಇಲ್ಲ, ಮತ್ತೊಂದರಿಂದ ಅವಕ್ತವ್ಯ, ಹೇಳಲು ಬಾರದ್ದು. ಬೆಂಚಿನ ಒಂಟಿ ಮನುಷ್ಯನ ಒಗಟು ಬಿಡಿಸುವುದಕ್ಕಾಗಿ ಅವರು ಅದನ್ನು ಕಟ್ಟಲಿಲ್ಲ, ಬಲ್ಲೆ. ಆದರೂ ಹೌದು, ಅಲ್ಲ ಎಂಬ ಎರಡೇ ಗೂಡುಗಳಲ್ಲಿ ಲೋಕವನ್ನೆಲ್ಲ ತುಂಬಲಾಗದೆಂದು ಕಂಡವರು ನಮ್ಮಲ್ಲಿದ್ದರು ಎಂಬುದು ಸಣ್ಣ ಮಾತಲ್ಲ.

ಚುಂಚನಕಟ್ಟೆಯ ದನಗಳ ಜಾತ್ರೆಗೆ ಹೋದವರಿಗೆ ಇದು ಚೆನ್ನಾಗಿ ಗೊತ್ತು. ಅಲ್ಲಿನ ದಲ್ಲಾಳಿ ಸದಾ ಸುಳ್ಳಾಡುವವನಾಗಿದ್ದರೆ ಎಷ್ಟು ಸುಖವಾಗಿತ್ತು! 'ಎತ್ತಿಗೆ ಇನ್ನೂ ಆರು ಹಲ್ಲಾಗಿಲ್ಲ' ಎಂದರೆ ಆಗಿದೆ ಎಂದು ತಿಳಿದು ಬೆಲೆ ಕಟ್ಟಬಹುದಿತ್ತು. ಆತ ಹತ್ತು ನಿಜಗಳ ನಡುವೆ ಒಂದು ಸುಳ್ಳನ್ನು, ಸತ್ಯದ ತಲೆಯ ಮೇಲೆ ಹೊಡೆದ ಹಾಗೆ, ಇಟ್ಟುಬಿಡುತ್ತಾನೆ. ಆದುದರಿಂದಲೇ ರೈತ ತರ್ಕ ಮಾಡುತ್ತ ನಿಲ್ಲುವುದಿಲ್ಲ. ಎತ್ತಿನ ಬಾಯಿ ಬಿಡಿಸಿ ನೋಡುತ್ತಾನೆ.

ಆದರೆ ಬಾಯಿ ಬಿಡಿಸಿ ನೋಡುವ ಮನಸ್ಸೇ ಇಲ್ಲದಿದ್ದರೆ? ಕೋಟೆಯ ಕಡೆಯ ಹಳ್ಳಿಯೊಂದರ ಹುಡುಗ ನನ್ನಲ್ಲಿ ಓದುತ್ತಿದ್ದ. ಈ ಒಗಟುಗಳಲ್ಲಿ ಬಲು ಚುರುಕು. ಅವರ ಹೊಲಕ್ಕೂ ಪಕ್ಕದವರ ಹೊಲಕ್ಕೂ ಬದುವಿನ ವ್ಯಾಜ್ಯ. ಬಾಂದುಕಲ್ಲು ಮಣ್ಣಲ್ಲಿ ಹೂತುಹೋಗಿತ್ತು. ಅದು ಎಲ್ಲಿತ್ತೆಂದು ಕಂಡಿದ್ದವರು ಬದುಕಿದ್ದವರಲ್ಲಿ ಹುಡುಗನ ತಾತ ಒಬ್ಬರೇ. ಹೊಂಗೆಮರದಿಂದ ಇಷ್ಟು ಮೊಳ ಎಂದು ಅವರು ಜಾಗ ತೋರಿಸಿದರು. ಯಾರೂ ಗುದ್ದಲಿ ಹಾಕಲಿಲ್ಲ. ಪ್ರಾಯದಲ್ಲಿ ಅವರು ದಾಯಾದಿಯೊಬ್ಬನಿಗಾಗಿ ಸುಳ್ಳುಸಾಕ್ಷಿ ಹೇಳಿದ್ದುಂಟು; ಊರು ಅದನ್ನು ಮರೆತಿರಲಿಲ್ಲ. 'ಆವತ್ತು ಸುಳ್ಳು ಹೇಳಿದ ಬಾಯಿ ತಾನೆ' ಎಂದು ಪಂಚಾಯಿತಿಯಲ್ಲಿ ನಕ್ಕರಂತೆ. ಹುಡುಗ ಬಂದು ಕೇಳಿದ: 'ಮೇಷ್ಟ್ರೇ, ನಮ್ಮ ತಾತ ಯಾವಾಗಲೂ ಸುಳ್ಳೇ ಹೇಳೋರು ಅಂತ ಊರವರು ನಂಬಿದ್ದರೆ, ಅಲ್ಲಿ ಕಲ್ಲಿಲ್ಲ ಅಂತಾದರೂ ಗೊತ್ತಾಗಬೇಕಿತ್ತಲ್ಲ? ಅದನ್ನೂ ಒಪ್ಪೋದಿಲ್ಲ, ಇದನ್ನೂ ಒಪ್ಪೋದಿಲ್ಲ. ತಾತ ಮಾತೇ ಆಡಲಿಲ್ಲ ಅನ್ನೋ ಹಾಗೆ ಎದ್ದುಹೋದರು.'

ಒಂದರಲ್ಲಿ ಸುಳ್ಳಾಡಿದವನು ಎಲ್ಲದರಲ್ಲೂ ಸುಳ್ಳು ಎಂಬ ಒಂದು ಹಳೆಯ ಲ್ಯಾಟಿನ್ ಸೂತ್ರವಿದೆ. ನಮ್ಮ ಸುಪ್ರೀಂ ಕೋರ್ಟು ೧೯೫೭ರಷ್ಟು ಹಿಂದೆಯೇ, ನಿಸಾರ್ ಅಲಿ ಮೊಕದ್ದಮೆಯ ತೀರ್ಪಿನಲ್ಲಿ, ಈ ಸೂತ್ರಕ್ಕೆ ಕಾನೂನಿನ ನಿಯಮದ ಸ್ಥಾನವಿಲ್ಲ, ಎಚ್ಚರಿಕೆಯ ಮಾತಷ್ಟೇ ಎಂದಿತು. ಸಾಕ್ಷಿಯ ಮಾತಿನಲ್ಲಿ ಕಾಳನ್ನೂ ಹೊಟ್ಟನ್ನೂ ಬೇರ್ಪಡಿಸಬೇಕಾದದ್ದು ನ್ಯಾಯಾಧೀಶನ ಕೆಲಸ ಎಂದು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ. ಕಣದಲ್ಲಿ ರಾಗಿ ತೂರಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೊಟ್ಟಿದೆಯೆಂದು ರಾಶಿಯನ್ನೇ ಯಾರೂ ತಿಪ್ಪೆಗೆ ಸುರಿಯುವುದಿಲ್ಲ.

ತಾತ ತೀರಿಕೊಂಡ ಎರಡು ವರ್ಷದ ಮೇಲೆ ಸರ್ವೆಯವರು ಬಂದು ಅಳೆದು ಅಗೆಸಿದರು. ಕಲ್ಲು ಸಿಕ್ಕಿತು. ತಾತ ತೋರಿಸಿದಲ್ಲಿ ಅಲ್ಲ. ಅಲ್ಲಿಂದ ನಾಲ್ಕು ಮೊಳ ಆಚೆಗೆ. ಆ ನಾಲ್ಕು ಮೊಳವೂ ತಾತನ ಮನೆಯವರಿಗೇ ಸೇರಬೇಕಾದ ನೆಲ. ತಮಗೇ ನಷ್ಟವಾಗುವ ಜಾಗವನ್ನು ಆ ಹಿರಿಯರು ಬೆರಳಿಟ್ಟು ತೋರಿಸಿದ್ದರು. ಹುಡುಗ ಆ ವೇಳೆಗೆ ಕಾಲೇಜು ಸೇರಿದ್ದ. ಕಾರ್ಡಿನಲ್ಲಿ ಇಷ್ಟನ್ನೂ ಬರೆದು, ಕೆಳಗೆ ಒಂದು ಸಾಲು ಸೇರಿಸಿದ್ದ: 'ತಾತನನ್ನು ಯಾವ ಬಗೆಗೆ ಸೇರಿಸಲಿ, ಮೇಷ್ಟ್ರೇ?' ಆ ಕಾರ್ಡು ಇನ್ನೂ ನನ್ನಲ್ಲಿದೆ.

ನನಗಿತ್ತ ಸಮಯ ಮುಗಿಯುತ್ತ ಬಂತು. ಕೇಳುಗರಿಗೆ ಒಂದು ಒಗಟನ್ನು ಬಿಟ್ಟು ಹೋಗುತ್ತೇನೆ. ಇದರ ಮೂಲರೂಪವನ್ನು ನೆಲ್ಸನ್ ಗುಡ್‌ಮನ್ ಎಂಬಾತ ೧೯೩೧ರಲ್ಲಿ ಬಾಸ್ಟನ್ನಿನ ಪತ್ರಿಕೆಯೊಂದಕ್ಕೆ ಕೊಟ್ಟಿದ್ದ. ಮುಂದೆ ಆತ ದೊಡ್ಡ ತತ್ತ್ವಜ್ಞಾನಿಯೆನಿಸಿದ. ಕೃಷ್ಣರಾಜನಗರದ ರೈಲ್ವೆ ನಿಲ್ದಾಣದಲ್ಲಿ ಮೂವರು ನಿಂತಿದ್ದಾರೆ; ಪ್ರತಿಯೊಬ್ಬನೂ ನಿಜಗಾರ ಅಥವಾ ಸುಳ್ಳುಗಾರ. ಮೊದಲನೆಯವನು ತಾನು ಯಾವ ಬಗೆಯವನೆಂದು ಹೇಳಿದ; ಅಷ್ಟರಲ್ಲಿ ಅರಸೀಕೆರೆಯ ರೈಲು ಬಂದು ಮಾತು ಕೇಳಿಸಲಿಲ್ಲ. ಎರಡನೆಯವನು, 'ಆತ ತಾನು ಸುಳ್ಳುಗಾರ ಎಂದ' ಎನ್ನುತ್ತಾನೆ. ಮೂರನೆಯವನು, 'ಎರಡನೆಯವನನ್ನು ನಂಬಬೇಡಿ, ಅವನು ಹೇಳುತ್ತಿರುವುದು ಸುಳ್ಳು' ಎನ್ನುತ್ತಾನೆ. ಎರಡನೆಯವನು ಯಾರು, ಮೂರನೆಯವನು ಯಾರು? ಇಷ್ಟನ್ನು ಬಿಡಿಸಿದ ಮೇಲೆ, ಮೊದಲನೆಯವನ ಬಗೆಯನ್ನು ಹೇಳಲು ಸಾಧ್ಯವೇ ಎಂಬುದನ್ನೂ ಒಂದಿಷ್ಟು ಯೋಚಿಸಿ ನೋಡಿ.