ಟ್ರೈಗ್ಲಿಸರೈಡ್ ಜಾಸ್ತಿ ಬಂತಾ? ಬೆಣ್ಣೆ ದೋಸೆ ಬಿಟ್ಟರಷ್ಟೇ ಸಾಲದು

ಯಾವಾಗಲೂ ದುಡ್ಡು, ಸಾಲ, ಟ್ಯಾಕ್ಸ್ ಅಂತ ಮಾತಾಡೋ ನಾನು ಇವತ್ತು ಬ್ಲಡ್ ಟೆಸ್ಟ್ ಬಗ್ಗೆ ಮಾತಾಡ್ತೀನಿ. ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರ್ ಅಲ್ಲ, ಬಿ.ಕಾಂ ಓದಿದವನು. ಆದ್ರೆ ನಮ್ಮ ಮನೇಲಿ ಒಂದು ರಿಪೋರ್ಟನ್ನ ತಪ್ಪಾಗಿ ಓದಿ ಹತ್ತು ತಿಂಗಳು ಕಳ್ಕೊಂಡ್ವಿ. ಆ ತಪ್ಪು ನಿಮ್ಮ ಮನೇಲಿ ಆಗಬಾರದು, ಅದಕ್ಕೇ ಈ ಸಂಚಿಕೆ.

ನಮ್ಮೂರು ದಾವಣಗೆರೆ. ಅಪ್ಪಾಜಿದು ಕಿರಾಣಿ ಅಂಗಡಿ, ವಯಸ್ಸು 56. ಹೋದ ವರ್ಷ ಒಂದು ಹೆಲ್ತ್ ಕ್ಯಾಂಪ್‌ನಲ್ಲಿ ರಕ್ತ ಕೊಟ್ಟು ಬಂದ್ರು. ಒಟ್ಟು ಕೊಲೆಸ್ಟ್ರಾಲ್ 214, ಒಳ್ಳೆ ಕೊಲೆಸ್ಟ್ರಾಲ್ ಅಂತೀವಲ್ಲ, ಆ ಎಚ್‌ಡಿಎಲ್ 34, ಟ್ರೈಗ್ಲಿಸರೈಡ್ 412. ಕೆಟ್ಟ ಕೊಲೆಸ್ಟ್ರಾಲ್, ಅಂದ್ರೆ ಎಲ್‌ಡಿಎಲ್ ಎದುರಿಗೆ ಮಾತ್ರ ಬರೀ ಒಂದು ಗೆರೆ. ಅಪ್ಪಾಜಿ ಅದನ್ನ ನೋಡಿ, "ಕೆಟ್ಟದ್ದು ಇಲ್ಲವೇ ಇಲ್ಲ ನೋಡು, ಜಿಡ್ಡು ಒಂದು ಜಾಸ್ತಿ ಐತಿ" ಅಂದ್ರಂತೆ. ಬೆಣ್ಣೆ ದೋಸೆ ಬಿಟ್ರು. ಸಂಜೆ ಮಂಡಕ್ಕಿ ಜೊತೆ ಮಿರ್ಚಿ ಬಿಟ್ರು. ದಾವಣಗೆರೆಯವರಿಗೆ ಅದು ಎಂಥ ತ್ಯಾಗ ಅಂತ ಗೊತ್ತಲ್ಲ! ರಿಪೋರ್ಟ್ ವಿಮೆ ಕಾಗದಗಳ ಫೈಲ್ ಸೇರ್ಕೊಳ್ತು.

ಹತ್ತು ತಿಂಗಳಾದ ಮೇಲೆ ಪಾಲಿಸಿ ಹುಡುಕೋವಾಗ ಅದು ನನ್ನ ಕೈಗೆ ಸಿಕ್ತು. ಅದೇ ದಿನ ಅಮ್ಮ, "ಈಚೆಗೆ ರಾತ್ರಿ ಮೂರ್ನಾಲ್ಕು ಸಲ ಎದ್ದು ಬಾತ್‌ರೂಮಿಗೆ ಹೋಗ್ತಾರಪ್ಪ" ಅಂದ್ಲು. ಮರುದಿನವೇ ಡಾಕ್ಟರ್ ಹತ್ರ ಕರ್ಕೊಂಡು ಹೋದೆ.

ಅವರು ಮೊದಲು ಬೆರಳಿಟ್ಟಿದ್ದೇ ಆ ಗೆರೆ ಮೇಲೆ. "ಇದು ಸೊನ್ನೆ ಅಲ್ಲ, ಲೆಕ್ಕ ಹಾಕೋಕೆ ಆಗಿಲ್ಲ ಅಂತ ಅರ್ಥ" ಅಂದ್ರು. ನನಗೆ ನಾಚಿಕೆ ಆಯ್ತು. ಲೆಡ್ಜರ್‌ನಲ್ಲಿ ಖಾಲಿ ಕಾಲಂ ಅಂದ್ರೆ ಬಾಕಿ ಇಲ್ಲ ಅಂತಲ್ಲ ಅನ್ನೋದು ಬಿ.ಕಾಂ ಮೊದಲ ವರ್ಷದ ಪಾಠ.

ವಿಷಯ ಏನಂದ್ರೆ, ಹಲವು ಲ್ಯಾಬ್‌ಗಳು ಎಲ್‌ಡಿಎಲ್ ಅನ್ನು ನೇರವಾಗಿ ಅಳೆಯಲ್ಲ. ಫ್ರೀಡ್‌ವಾಲ್ಡ್ ಅನ್ನೋರು 1972ರಲ್ಲಿ ಕೊಟ್ಟ ಸೂತ್ರ ಇದೆ. ಒಟ್ಟು ಕೊಲೆಸ್ಟ್ರಾಲ್‌ನಿಂದ ಎಚ್‌ಡಿಎಲ್ ಕಳೀಬೇಕು, ಆಮೇಲೆ ಟ್ರೈಗ್ಲಿಸರೈಡ್‌ನ ಐದನೇ ಒಂದು ಭಾಗ ಕಳೀಬೇಕು. ಉಳಿದದ್ದೇ ಎಲ್‌ಡಿಎಲ್. ಟ್ರೈಗ್ಲಿಸರೈಡ್ 400 ದಾಟಿದ್ರೆ ಈ ಸೂತ್ರ ನಂಬೋ ಹಾಗಿಲ್ಲ, ಅದಕ್ಕೇ ಲ್ಯಾಬ್‌ನವರು ಗೆರೆ ಎಳೀತಾರೆ.

ಈಗ ಟ್ರೈಗ್ಲಿಸರೈಡ್ ಅಂದ್ರೇನು ನೋಡೋಣ. ಅದು ರಕ್ತದಲ್ಲಿ ಓಡಾಡೋ ಕೊಬ್ಬು. ಎಣ್ಣೆ ತುಪ್ಪದಿಂದ ಬರುತ್ತೆ, ನಿಜ. ಆದ್ರೆ ನಾವು ಖರ್ಚು ಮಾಡದೆ ಉಳಿಸಿದ ಸಕ್ಕರೆ, ಅನ್ನ, ಮೈದಾನೂ ಲಿವರ್ ಇದೇ ಕೊಬ್ಬಾಗಿ ಮಾರ್ಪಡಿಸುತ್ತೆ. ಮದ್ಯನೂ ಇದನ್ನ ಏರಿಸುತ್ತೆ. ಅಪ್ಪಾಜಿ ಮಿರ್ಚಿ ಬಿಟ್ರು, ಆದ್ರೆ ಮಂಡಕ್ಕಿ ಬಿಡಲಿಲ್ಲ. ಅಂಗಡೀಲಿ ದಿನಕ್ಕೆ ಆರು ಸಲ ಸಕ್ಕರೆ ಚಹಾ, ಜೊತೆಗೆ ಬಿಸ್ಕತ್ತು, ಎರಡು ಹೊತ್ತು ತಟ್ಟೆ ತುಂಬ ಅನ್ನ. ಬೆಣ್ಣೆ ಖಾತೆ ಮುಚ್ಚಿದ್ರು, ಸಕ್ಕರೆ ಖಾತೆ ಓಡ್ತಾನೇ ಇತ್ತು.

ಸಂಖ್ಯೆಗಳನ್ನ ಬರ್ಕೊಳ್ಳಿ. ಖಾಲಿ ಹೊಟ್ಟೆಯಲ್ಲಿ ಕೊಟ್ಟ ರಕ್ತದಲ್ಲಿ, ಪ್ರತಿ ಡೆಸಿಲೀಟರ್‌ಗೆ 150 ಮಿಲಿಗ್ರಾಂಗಿಂತ ಕಡಿಮೆ ಇದ್ರೆ ಸರಿ. 150ರಿಂದ 199 ಗಡಿರೇಖೆ. 200ರಿಂದ 499 ಹೆಚ್ಚು. 500 ಮತ್ತು ಅದಕ್ಕಿಂತ ಮೇಲೆ ತುಂಬಾ ಹೆಚ್ಚು. ಆ ಮಟ್ಟಕ್ಕೆ ಹೋದ್ರೆ, ಅದರಲ್ಲೂ 1000 ದಾಟಿದ್ರೆ, ಹೃದಯದ ಜೊತೆ ಮೇದೋಜೀರಕ ಗ್ರಂಥಿಯ ಉರಿಯೂತದ ಭಯನೂ ಇರುತ್ತೆ. ಹೊಟ್ಟೆಯ ಮೇಲ್ಭಾಗದಲ್ಲಿ ತಡೆಯೋಕಾಗದ ನೋವು, ಅದು ಬೆನ್ನಿಗೆ ಹಬ್ಬೋದು, ವಾಂತಿ, ಇವು ಕಂಡ್ರೆ ಗ್ಯಾಸ್ಟ್ರಿಕ್ ಅಂತ ಮಾತ್ರೆ ನುಂಗಿ ಕೂರಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ.

ಟೆಸ್ಟಿಗೆ ಹೋಗೋ ಮುಂಚೆ ಒಂದು ಮಾತು. ಡಾಕ್ಟರ್ ಖಾಲಿ ಹೊಟ್ಟೆ ಅಂದಿದ್ರೆ 9ರಿಂದ 12 ಗಂಟೆ ಏನೂ ತಿನ್ನಬಾರದು. ನೀರು ಕುಡೀಬಹುದು, "ಅರ್ಧ ಲೋಟ ಚಹಾ ತಾನೇ" ಅನ್ನೋ ಹಾಗಿಲ್ಲ. ಹಿಂದಿನ ದಿನ ಬೀಗರ ಊಟ, ಪಾರ್ಟಿ ಇದ್ರೆ ಟೆಸ್ಟ್ ಮುಂದಕ್ಕೆ ಹಾಕಿ. ಉಂಡು ಕೊಟ್ಟ ರಕ್ತದಲ್ಲಿ ಜಾಸ್ತಿ ಬಂದ್ರೆ ಹೆದರಬೇಡಿ, ಸುಮ್ಮನೂ ಇರಬೇಡಿ. ಖಾಲಿ ಹೊಟ್ಟೆಯಲ್ಲಿ ಮತ್ತೊಮ್ಮೆ ಮಾಡಿಸಿ.

ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಟ್ರೈಗ್ಲಿಸರೈಡ್ ಎಷ್ಟೋ ಸಲ ಬೇರೆ ಯಾವುದೋ ಕಾಯಿಲೆಯ ಸುಳಿವು. ಹತೋಟಿ ತಪ್ಪಿದ ಶುಗರ್, ನಿಧಾನವಾದ ಥೈರಾಯ್ಡ್, ಕಿಡ್ನಿ ತೊಂದರೆ, ಸ್ಟೀರಾಯ್ಡ್‌ನಂಥ ಕೆಲವು ಔಷಧ, ವಂಶವಾಹಿ ಕಾರಣ, ಯಾವುದೂ ಇರಬಹುದು. ಅದಕ್ಕೇ ಡಾಕ್ಟರ್ ಅಪ್ಪಾಜಿಗೆ ಲಿಪಿಡ್ ಜೊತೆ ಥೈರಾಯ್ಡ್ ಮತ್ತು ಎಚ್‌ಬಿಎ1ಸಿ ಬರೆದ್ರು. ಈ ಎಚ್‌ಬಿಎ1ಸಿ ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುತ್ತೆ. 6.5 ಮುಟ್ಟಿದ್ರೆ ಡಯಾಬಿಟಿಸ್ ಅಂತ ಲೆಕ್ಕ. ಅಪ್ಪಾಜಿದು 8.4 ಇತ್ತು.

ರಿಪೋರ್ಟ್ ನೋಡಿ ಅಪ್ಪಾಜಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಬೆಣ್ಣೆ ದೋಸೆ ಬಿಟ್ಟಿದ್ದು ದಂಡ ಆತಲ್ಲೋ" ಅಂದ್ರು. ದಂಡ ಆಗಿಲ್ಲ, ಆದ್ರೆ ಅಷ್ಟೇ ಸಾಲದು ಅಂದೆ. ಈಗ ಶುಗರ್ ಮಾತ್ರೆ ನಡೀತಿದೆ. ಚಹಾ ಎರಡೇ ಸಲ, ಸಕ್ಕರೆ ಇಲ್ಲದೆ. ರಾತ್ರಿ ಅನ್ನದ ಬದಲು ಒಂದು ಜೋಳದ ರೊಟ್ಟಿ, ತಟ್ಟೆ ತುಂಬ ಪಲ್ಯ. ಅಂಗಡಿ ತೆಗೆಯೋ ಮುಂಚೆ 40 ನಿಮಿಷ ನಡಿಗೆ. ತೂಕ ಐದು ಕೆ.ಜಿ. ಇಳಿದಿದೆ.

ನಾಲ್ಕು ತಿಂಗಳ ಮೇಲೆ ಬಂದ ರಿಪೋರ್ಟನ್ನ ಅಪ್ಪಾಜಿ ಅಂಗಡಿ ಕ್ಯಾಲ್ಕ್ಯುಲೇಟರ್ ಇಟ್ಕೊಂಡು ಓದಿದ್ರು. ಒಟ್ಟು 203, ಎಚ್‌ಡಿಎಲ್ 38, ಟ್ರೈಗ್ಲಿಸರೈಡ್ 185. ಅದರ ಐದನೇ ಒಂದು ಭಾಗ 37. "203ರಲ್ಲಿ 38 ಹೋತು, 37 ಹೋತು, 128" ಅಂದ್ರು. ಲ್ಯಾಬ್‌ನವರು ಬರೆದಿದ್ದೂ ಅದೇ 128. ಶುಗರ್ ಇರೋರಿಗೆ ಅದೂ ಜಾಸ್ತಿನೇ, ಅದಕ್ಕೆ ಡಾಕ್ಟರ್ ಬೇರೆ ಮಾತ್ರೆ ಕೊಟ್ಟಿದ್ದಾರೆ. ಆದ್ರೆ ಈಗ ಆ ಜಾಗದಲ್ಲಿ ಗೆರೆ ಇಲ್ಲ, ಸಂಖ್ಯೆ ಇದೆ.

ಇವತ್ತು ಮನೇಲಿ ಫೈಲ್ ತೆಗೀರಿ. ಅಪ್ಪ ಅಮ್ಮಂದು ಹಳೇ ರಿಪೋರ್ಟ್ ಇದ್ರೆ ದಿನಾಂಕ ನೋಡಿ, ಖಾಲಿ ಇರೋ ಸಾಲು ನೋಡಿ. ಅರ್ಥ ಆಗದಿದ್ರೆ ಡಾಕ್ಟರನ್ನ ಕೇಳಿ. ಮುಂದಿನ ವಾರ ಮತ್ತೆ ದುಡ್ಡಿನ ವಿಷಯ, ಆರೋಗ್ಯ ವಿಮೆ ಬಗ್ಗೆ. ಅಲ್ಲೀವರೆಗೆ ನಮಸ್ಕಾರ.