ಮನೆಯೇ ಮೊದಲ ಪಾಠಶಾಲೆ



ಶ್ರೀ ನಾರಾಯಣ ಪಂಡಿತಾಚಾರ್ಯರ ಶ್ರೀಸುಮಧ್ವವಿಜಯದ ಮೂರನೆಯ ಸರ್ಗದಲ್ಲಿ ಒಂದು ಪ್ರಸಂಗವಿದೆ. ಮಧ್ಯಗೇಹ ಭಟ್ಟರು ಬಾಲಕ ವಾಸುದೇವನಿಗೆ ತಾವೇ ಅಕ್ಷರಾಭ್ಯಾಸ ಮಾಡಿಸುತ್ತಾರೆ. ಮರುದಿನ ಅವೇ ಅಕ್ಷರಗಳನ್ನು ಬರೆದಾಗ, ನಿನ್ನೆ ಬರೆದುದನ್ನೇ ಇಂದೇಕೆ ಬರೆಯುವುದೆಂದು ಬಾಲಕನು ಕೇಳುತ್ತಾನೆ. ಇನ್ನೊಮ್ಮೆ ತಂದೆಯವರು ಪುರಾಣಪ್ರವಚನದಲ್ಲಿ ವೃಕ್ಷಗಳ ಹೆಸರುಗಳನ್ನು ವಿವರಿಸುತ್ತ ‘ಲಿಕುಚ’ ಎಂಬ ಪದದ ಅರ್ಥವನ್ನು ಬಿಟ್ಟಾಗ, ಅದನ್ನು ಗಮನಿಸಿ ಕೇಳಿದವನೂ ಆ ಬಾಲಕನೇ.

ಶ್ರೀಮದಾಚಾರ್ಯರು ವಾಯುದೇವರ ಅವತಾರ. ಅವರ ಸರ್ವಜ್ಞತೆಗೆ ಮನೆಯ ಪಾಠ ಕಾರಣವಲ್ಲ. ಆದರೆ ಆ ಮನೆಯ ರೀತಿ ಗೃಹಸ್ಥರೆಲ್ಲರಿಗೂ ಪಾಠವಾಗಿದೆ. ಹಿರಿಯರು ಓದುವ ಮನೆಯಲ್ಲಿ ಮಗು ಕೇಳುತ್ತದೆ, ಕೇಳಿದ ಮಗು ಪ್ರಶ್ನಿಸುತ್ತದೆ. ಪ್ರಶ್ನೆಗೆ ಆದರ ದೊರೆತರೆ ಓದು ಜೀವನದ ಸಂಗಾತಿಯಾಗುತ್ತದೆ.

ಮುಂಬಯಿ, ಪುಣೆಗಳಂತಹ ನಗರಗಳಲ್ಲಿ ನೆಲೆಸಿದ ಅನೇಕ ಕುಟುಂಬಗಳ ಮಕ್ಕಳು ಕನ್ನಡ ಮಾತನಾಡಬಲ್ಲರು, ಓದಲಾರರು. ದಾಸರ ಪದಗಳನ್ನು ಅನ್ಯಲಿಪಿಯಲ್ಲಿ ಬರೆದುಕೊಂಡು ಹಾಡುತ್ತಾರೆ. ಹಾಡು ಉಳಿದರೂ ಗ್ರಂಥ ದೂರವಾಗುತ್ತಿದೆ. ಅಜ್ಜಿ ನಿತ್ಯ ಪಾರಾಯಣ ಮಾಡಿದ ಪುಸ್ತಕ ಮೊಮ್ಮಗನಿಗೆ ಕೇವಲ ಪೂಜೆಯ ವಸ್ತುವಾದರೆ, ನಷ್ಟ ಯಾರದು?

ಪರಿಹಾರ ಮನೆಯಲ್ಲಿಯೇ ಇದೆ. ಶ್ರೀ ಜಗನ್ನಾಥದಾಸರ ಹರಿಕಥಾಮೃತಸಾರದಲ್ಲಿ 32 ಸಂಧಿಗಳಿವೆ. ವಾರಕ್ಕೊಂದು ಸಂಧಿಯಂತೆ ಓದಿದರೂ ಎಂಟು ತಿಂಗಳೊಳಗೆ ಮುಗಿಯುತ್ತದೆ. ಸಂಜೆ ದೇವರ ದೀಪ ಹಚ್ಚಿದ ಮೇಲೆ ಟಿ.ವಿ., ಮೊಬೈಲುಗಳನ್ನು ಅರ್ಧ ಗಂಟೆ ಬದಿಗಿರಿಸಿ ತಂದೆತಾಯಿಗಳು ಓದಲಿ. ಸಾಲಿನ ಮೇಲೆ ಮಗುವಿನ ಬೆರಳು ಚಲಿಸಲಿ. ಮಗು ಕೇಳಿದ ಪದದ ಅರ್ಥ ತಿಳಿಯದಿದ್ದರೆ, ‘ನಾಳೆ ನೋಡಿ ಹೇಳುವೆ’ ಎನ್ನಲು ಹಿರಿಯರು ಸಂಕೋಚಪಡದಿರಲಿ. ಮರುದಿನ ಮರೆಯದೆ ಹೇಳಲಿ.

ಶ್ರೀಕೃಷ್ಣಾರ್ಪಣಮಸ್ತು.